ಗಾಜಿನ ತೊಟ್ಟಿಯ ಕಡಲಮೀನಿಗೆ ಹುಣ್ಣಾದಾಗ

ನಾಗಮಂಗಲ ತಾಲ್ಲೂಕಿನ ದೇವಲಾಪುರದಿಂದ ನನ್ನ ಮಿತ್ರರೊಬ್ಬರು ಬರೆದ ಕಾಗದವೇ ಈ ಭಾಷಣಕ್ಕೆ ಕಾರಣ. ಅವರು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರು. ಮಳೆಯನ್ನು ನಂಬಿ ರಾಗಿ ಬೆಳೆಯುವ ಆ ಸೀಮೆಯಲ್ಲಿ, ಘಟ್ಟದ ಈಚೆಗೆ, ಕಡಲಿನ ಗಾಳಿಯೂ ಸುಳಿಯದ ಕಡೆಯಲ್ಲಿ, ಮನೆಯ ನಡುಮನೆಯಲ್ಲಿ ಒಂದು ಗಾಜಿನ ತೊಟ್ಟಿಯನ್ನಿಟ್ಟು ಅದರೊಳಗೆ ಒಂದು ಪುಟ್ಟ ಸಮುದ್ರವನ್ನು ಸಾಕುತ್ತಿದ್ದಾರೆ. ಅದರಲ್ಲಿ ಕಿತ್ತಳೆಯ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನುಗಳೆರಡು, ಒಂದು ಸಿಗಡಿ, ಮತ್ತು ಹತ್ತು ದಿನಗಳ ಕೆಳಗೆ ಕೊಂಡು ತಂದ ಹಸುರು ಕ್ರೋಮಿಸ್ ಮೀನುಗಳು ಮೂರು ಇದ್ದುವು. ಕಾಗದದ ಸಾರಾಂಶವಿಷ್ಟು: “ಹೊಸ ಮೀನೊಂದರ ಪಕ್ಕೆಯಲ್ಲಿ ಹುರುಪೆ ಎದ್ದು ಕೆಂಪಗೆ ಹುಣ್ಣಾಗಿದೆ. ಅಂಗಡಿಯವರು ನೀಲಿ ಔಷಧದ ಸೀಸೆಯೊಂದನ್ನು ಕೊಟ್ಟು, ತೊಟ್ಟಿಗೆ ಸುರಿಯಿರಿ ಎಂದಿದ್ದಾರೆ. ಮೊಮ್ಮಗಳು ದಿನಕ್ಕೆ ಹತ್ತು ಸಲ ಗಾಜಿನ ಮುಂದೆ ನಿಂತು, ತಾತಾ, ಅದಕ್ಕೆ ನೋಯುತ್ತದೆಯೇ ಎಂದು ಕೇಳುತ್ತಾಳೆ. ಸುರಿಯಲೇ, ಬೇಡವೇ, ತಾವು ಕೂಡಲೆ ತಿಳಿಸಬೇಕು.”

ನಾನು ಕೂಡಲೆ ದೂರವಾಣಿಯಲ್ಲಿ, “ಸುರಿಯಬೇಡಿ, ಮೊದಲು ನೋಡಿ” ಎಂದು ಹೇಳಿದೆನು. ಈ ಎರಡು ಮಾತಿನ ಹಿಂದೆ ನನಗೆ ಬಹಳ ಬೆಲೆ ತೆತ್ತು ಬಂದ ಅನುಭವವುಂಟು. ಅನೇಕ ವರ್ಷಗಳ ಹಿಂದೆ ನಾನೂ ಇಂಥದೇ ಒಂದು ಸೀಸೆಯನ್ನು ನನ್ನ ತೊಟ್ಟಿಗೆ ಸುರಿದೆ. ಮರುದಿನ ಬೆಳಗಾಗುವುದರೊಳಗೆ ಸಿಗಡಿಗಳೆಲ್ಲವೂ ಸತ್ತು ಬಿದ್ದಿದ್ದುವು. ಯಾವ ಮೀನಿಗಾಗಿ ಔಷಧವನ್ನು ಹಾಕಿದೆನೋ ಅದು ಮೂರನೆಯ ದಿನ ಹೋಯಿತು. ರೋಗವಾವುದೆಂದು ತಿಳಿಯದೆ ಮದ್ದು ಕೊಡುವುದು ಎಷ್ಟು ಅನರ್ಥವೆಂಬುದನ್ನು ಅಂದು ಕಲಿತೆನು. ಈ ವಿಚಾರವನ್ನು ತಮ್ಮ ಮುಂದೆ ಸ್ವಲ್ಪ ಬಿಡಿಸಿ ಹೇಳಬೇಕೆಂದು ನನ್ನ ಉದ್ದೇಶ.

ಮೊದಲು ಮೀನಿನ ಚರ್ಮವೆಂದರೇನು ಎಂಬುದನ್ನು ತಿಳಿಯೋಣ. ಮೀನಿನ ಹುರುಪೆಗಳೇ ಅದರ ಹೊರಕವಚವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಅದು ಸರಿಯಲ್ಲ. ಹುರುಪೆಗಳು ಒಳಚರ್ಮದಲ್ಲಿ ಬೇರೂರಿರುವುವು. ಅವುಗಳ ಮೇಲೆ ಜೀವಂತವಾದ ತೆಳುವಾದ ಹೊರಪೊರೆಯೊಂದು ಹಾಸಿರುವುದು. ಆ ಪೊರೆಯ ಮೇಲೆ ಲೋಳೆ. ಹಿಡಿಯಹೋದಾಗ ಕೈಯಿಂದ ಜಾರುವ ಆ ಲೋಳೆಯೇ ಮೀನಿನ ಮೊದಲನೆಯ ಕೋಟೆ. ಹುರುಪೆಯೊಂದು ಕಿತ್ತು ಬಂದಿತೆಂದರೆ ಹೊರಪೊರೆಯು ಆಗಲೇ ಹರಿದುಹೋಗಿದೆಯೆಂದು ಅರ್ಥ.

ಹರಿದರೇನು? ಇಲ್ಲಿಯೇ ಕಡಲಿನ ಮೀನಿಗೂ ಕೆರೆಯ ಮೀನಿಗೂ ಇರುವ ಮುಖ್ಯವಾದ ಭೇದವನ್ನು ಗಮನಿಸಬೇಕು. ನಮ್ಮ ಅಡಿಗೆಯ ಮನೆಗಳಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಮಿಡಿಯೊಳಗಿನ ನೀರು ಹೊರಕ್ಕೆ ಬಂದು ಮಿಡಿ ಸುಕ್ಕಾಗುವುದು. ಕಡಲೆಕಾಳನ್ನು ಸಿಹಿನೀರಿನಲ್ಲಿ ನೆನೆಹಾಕಿದರೆ ನೀರು ಒಳಕ್ಕೆ ಹೋಗಿ ಕಾಳು ಉಬ್ಬುವುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಅಂಶಗಳಿರುವುವು. ಅದರಲ್ಲಿರುವ ಮೂಳೆಮೀನಿನ ರಕ್ತದಲ್ಲಿ ಇರುವುದು ಅದರ ಮೂರರಲ್ಲೊಂದು ಪಾಲಿನಷ್ಟು ಮಾತ್ರ. ಆದ್ದರಿಂದ ಕಡಲಮೀನು ಹುಟ್ಟಿದಂದಿನಿಂದಲೂ ಮಾವಿನ ಮಿಡಿಯ ಅವಸ್ಥೆಯಲ್ಲಿರುವುದು. ಮೈಯ ನೀರು ಸದಾ ಹೊರಕ್ಕೆ ಸೋರಲು ಹವಣಿಸುತ್ತಿರುವುದು. ಮೀನು ಸದಾ ಕಡಲ ನೀರನ್ನು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಕ್ಕೆ ದೂಡುತ್ತಿರುವುದು. ಚರ್ಮದಲ್ಲಿ ಹುಣ್ಣಾಯಿತೆಂದರೆ ಈ ಸೋರಿಕೆಗೆ ಬಾಗಿಲು ತೆರೆದಂತಾಯಿತು. ನೀರಿನ ನಡುವೆಯೇ ಇದ್ದುಕೊಂಡು ಮೀನು ನೀರಿಲ್ಲದೆ ಬತ್ತಿ ಸಾಯುವುದು. ಕೆರೆಯ ಮೀನಿನ ಸಂಗತಿ ಇದಕ್ಕೆ ವಿರುದ್ಧವಾದುದು. ಅದು ನೆನೆದ ಕಡಲೆಕಾಳು. ಅದಕ್ಕೆ ಹುಣ್ಣಾದರೆ ಸಿಹಿನೀರು ಒಳಕ್ಕೆ ನುಗ್ಗುವುದು, ಉಪ್ಪು ಹೊರಕ್ಕೆ ಹೋಗುವುದು. ಆದಕಾರಣವೇ ಹುಣ್ಣಾದ ಕೆರೆಮೀನಿನ ನೀರಿಗೆ ಒಂದಿಷ್ಟು ಅಡಿಗೆಯುಪ್ಪನ್ನು ಬೆರಸಿದರೆ ಅದಕ್ಕೆ ನೆಮ್ಮದಿಯಾಗುವುದು. ಹುಣ್ಣಾದ ಕಡಲಮೀನಿಗಾದರೋ ನೀರಿನ ಉಪ್ಪನ್ನು ಇಳಿಸಿದರೆ ನೆಮ್ಮದಿ. ಈ ಒಂದು ತತ್ವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚಿಕಿತ್ಸೆಯ ಅರ್ಧವು ತಾನಾಗಿಯೇ ತಿಳಿಯುವುದು.

ರೋಗಿಯನ್ನು ನೋಡುವುದಕ್ಕೆ ಮೊದಲು ಅದರ ಮನೆಯನ್ನು ನೋಡಬೇಕು. ಎಂದರೆ ನೀರನ್ನು ಪರೀಕ್ಷಿಸಬೇಕು. ಮೀನಿನ ಮಲಮೂತ್ರಗಳಿಂದಲೂ ತಿಂದುಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುವುದು. ತೊಟ್ಟಿಯ ಮರಳಿನಲ್ಲಿಯೂ ಕಲ್ಲುಗಳಲ್ಲಿಯೂ ನೆಲಸಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟನ್ನಾಗಿಯೂ, ಬಳಿಕ ಅಷ್ಟೇನೂ ವಿಷವಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕಾರು ವಾರಗಳೇ ಬೇಕು. ಕಡಲನೀರು ಕ್ಷಾರಗುಣವುಳ್ಳದ್ದು, ಅದರ ಪಿ.ಎಚ್. 8.1ರಿಂದ 8.4ರವರೆಗೆ ಇರುವುದು. ನೀರು ಕ್ಷಾರವಾದಷ್ಟೂ ಅಮೋನಿಯಾದ ವಿಷವು ಏರುವುದು. ಆದ್ದರಿಂದ ಸಿಹಿನೀರಿನ ತೊಟ್ಟಿಯಲ್ಲಿ ಹೇಗೋ ನಡೆದುಹೋಗುವಷ್ಟು ಕೊಳೆಯು ಇಲ್ಲಿ ಲೋಳೆಯನ್ನೂ ಕಿವಿರನ್ನೂ ಸುಟ್ಟು, ಸಣ್ಣ ಗಾಯವನ್ನು ದೊಡ್ಡ ಹುಣ್ಣಾಗಿ ಮಾಡುವುದು. ಅಮೋನಿಯಾ ಮತ್ತು ನೈಟ್ರೈಟು ಸೊನ್ನೆಯಾಗಿರತಕ್ಕದ್ದು. ಇವುಗಳನ್ನು ಅಳೆಯುವ ಬಣ್ಣದ ದ್ರಾವಣಗಳು ಅಂಗಡಿಗಳಲ್ಲಿ ದೊರೆಯುವುವು. ಔಷಧದ ಸೀಸೆಯನ್ನು ಕೊಳ್ಳುವುದಕ್ಕೆ ಮೊದಲು ಅವುಗಳನ್ನು ಕೊಳ್ಳುವುದು ವಿವೇಕ. ಇನ್ನೊಂದು ಮಾತು: ನಮ್ಮ ಬಯಲುಸೀಮೆಯ ಕೊಳವೆಬಾವಿಯ ನೀರು ಬಹಳ ಗಡಸು. ಅದಕ್ಕೆ ನೇರವಾಗಿ ಕಡಲುಪ್ಪಿನ ಪುಡಿಯನ್ನು ಕಲಸಿದರೆ ಲೆಕ್ಕ ತಪ್ಪುವುದು. ಶೋಧಕ ಯಂತ್ರದಿಂದ ಲವಣಗಳನ್ನು ತೆಗೆದ ನೀರಿನಲ್ಲಿಯೇ ಕಲಸಬೇಕು.

ನೀರು ಸರಿಯಾಗಿದ್ದರೆ ಆ ಮೇಲೆ ರೋಗಿಯ ಕಡೆಗೆ ತಿರುಗೋಣ. ವೈದ್ಯರು ಕೇಳುವಂತೆ ನಾವೂ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹುಣ್ಣು ಒಂದು ಮೀನಿಗೋ, ಹಲವಕ್ಕೋ? ಒಂದೇ ಪಕ್ಕೆಗೋ, ಎರಡು ಕಡೆಗೂ ಸಮನಾಗಿಯೋ? ಎಷ್ಟು ದಿನಗಳಿಂದ? ಈಚೆಗೆ ಹೊಸ ಮೀನು ಬಂದಿತೇ? ಆಹಾರ ತಿನ್ನುವುದೋ? ಕಿವಿರಿನ ಮುಚ್ಚಳ ಎಷ್ಟು ವೇಗವಾಗಿ ಆಡುವುದು? ಮೈಯನ್ನು ಕಲ್ಲಿಗೆ ಉಜ್ಜುವುದೋ? ಈ ಪ್ರಶ್ನೆಗಳಿಗೆ ಉತ್ತರ ದೊರೆತರೆ ರೋಗದ ಹೆಸರು ಬಹುಮಟ್ಟಿಗೆ ದೊರೆತಂತೆಯೇ.

ಒಂದೇ ಮೀನಿಗೆ, ಒಂದೇ ಕಡೆ, ಅಂಚು ಸ್ಪಷ್ಟವಾದ ಗಾಯವಾಗಿದ್ದು, ಮೀನು ಚುರುಕಾಗಿ ತಿನ್ನುತ್ತಿದ್ದರೆ ಅದು ಪ್ರಾಯಶಃ ಜಗಳದ ಗಾಯ, ಇಲ್ಲವೆ ಕಲ್ಲಿಗೆ ತಾಕಿದ ಗಾಯ. ಕ್ಲೌನ್ ಮೀನು ನೋಡಲು ಮುದ್ದಾದರೂ ತನ್ನ ನೆಲೆಯನ್ನು ಕಾಯುವುದರಲ್ಲಿ ಬಹಳ ಮುಂಗೋಪಿ. ಇಂಥ ಗಾಯಕ್ಕೆ ಶುದ್ಧವಾದ ನೀರು, ಒಳ್ಳೆಯ ಆಹಾರ, ಜಗಳಗಂಟಿಯಿಂದ ದೂರವಾದ ಸ್ಥಳ, ಇವೇ ಔಷಧ.

ಉಪ್ಪಿನ ಹರಳುಗಳನ್ನು ಎರಚಿದಂತೆ ಮೈಮೇಲೆಯೂ ಈಜುರೆಕ್ಕೆಗಳ ಮೇಲೆಯೂ ಬಿಳಿಯ ಚುಕ್ಕೆಗಳೆದ್ದರೆ ಅದು ಕ್ರಿಪ್ಟೊಕ್ಯಾರಿಯನ್ ಎಂಬ ಏಕಕೋಶಜೀವಿಯ ಕೃತ್ಯ. ಇದರ ಜೀವನಚರಿತ್ರೆಯನ್ನು ತಿಳಿಯದವರು ಮೋಸಹೋಗುವರು. ಅದು ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ತಿಂದು ಬೆಳೆದು, ಕಳಚಿಕೊಂಡು ಕೆಳಕ್ಕೆ ಬಿದ್ದು, ಕಲ್ಲುಮರಳುಗಳಿಗೆ ಅಂಟಿ ಗೂಡು ಕಟ್ಟುವುದು. ಚುಕ್ಕೆಗಳು ಮಾಯವಾದುದನ್ನು ಕಂಡು ರೋಗ ವಾಸಿಯಾಯಿತೆಂದು ಮನೆಯವರು ಹಿಗ್ಗುವರು. ಆದರೆ ಗೂಡಿನೊಳಗೆ ಅದು ನೂರಾರಾಗಿ ಒಡೆದು, ಮೂರು ದಿನಗಳಿಂದ ನಾಲ್ಕು ವಾರಗಳೊಳಗಾಗಿ, ಕೆಲವು ಸಲ ಇನ್ನೂ ತಡವಾಗಿ, ಮರಿಗಳಾಗಿ ಹೊರಬರುವುದು. ಆ ಮರಿಗಳಿಗೆ ಒಂದೆರಡು ದಿನಗಳೊಳಗೆ ಮೀನು ಸಿಕ್ಕದಿದ್ದರೆ ಅವು ಸಾಯುವುವು. ಚರ್ಮದೊಳಗೂ ಗೂಡಿನೊಳಗೂ ಇರುವಾಗ ಔಷಧವು ಅದನ್ನು ಮುಟ್ಟಲಾರದು. ಈಜುವ ಮರಿಯಾಗಿರುವಾಗ ಮಾತ್ರವೇ ಅದನ್ನು ಕೊಲ್ಲಬಹುದು. ಚಿಕಿತ್ಸೆ ವಾರಗಟ್ಟಲೆ ನಡೆಯಬೇಕಾದ ಕಾರಣವಿದು.

ಚುಕ್ಕೆಗಳು ಬಹಳ ಸಣ್ಣವಾಗಿ, ಚಿನ್ನದ ಧೂಳನ್ನು ಎರಚಿದಂತೆ ಕಂಡು, ಮೀನು ಏದುಸಿರು ಬಿಡುತ್ತಿದ್ದರೆ ಅದು ಅಮೈಲೋಡಿನಿಯಮ್. ವೆಲ್ವೆಟ್ ರೋಗವೆಂದು ಇದಕ್ಕೆ ಹೆಸರು. ಇದು ಕಿವಿರನ್ನೇ ಮೊದಲು ಹಿಡಿಯುವುದರಿಂದ ಮೀನು ಕೆಲವೇ ದಿನಗಳಲ್ಲಿ ಸಾಯಬಹುದು, ಇಲ್ಲಿ ತಡಮಾಡುವಂತಿಲ್ಲ. ಹೊಸದಾಗಿ ಬಂದ ಕ್ಲೌನ್ ಮೀನಿನ ಮೈಯಿಂದ ಬಿಳಿಯ ಲೋಳೆಯು ಪದರಪದರವಾಗಿ ಸುಲಿದುಬಂದರೆ ಬ್ರೂಕ್ಲಿನೆಲ್ಲಾ ಎಂಬುದನ್ನು ಸಂದೇಹಿಸಬೇಕು. ಹಸುರು ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಕೆಂಪಾದ, ಒಳಕ್ಕೆ ಇಳಿಯುವ ಹುಣ್ಣಾದರೆ ಯುರೋನೀಮಾ ಎಂಬುದನ್ನು ಸಂದೇಹಿಸಬೇಕು. ಇದು ಕೊಳೆಯನ್ನೂ ಬ್ಯಾಕ್ಟೀರಿಯಾಗಳನ್ನೂ ತಿಂದು ಸ್ವತಂತ್ರವಾಗಿಯೇ ಬದುಕಬಲ್ಲ ಜೀವಿ. ಮೀನು ಸೊರಗಿದಾಗ ಚರ್ಮವನ್ನು ಭೇದಿಸಿ ಮಾಂಸಕ್ಕೂ ಒಳಾಂಗಗಳಿಗೂ ಇಳಿಯುವುದು. ಅಲ್ಲಿಗೆ ಇಳಿದ ಮೇಲೆ ನೀರಿಗೆ ಹಾಕಿದ ಔಷಧ ಅದನ್ನು ಮುಟ್ಟುವುದು ಕಷ್ಟ.

ಈಜುರೆಕ್ಕೆಗಳ ಅಂಚಿನಲ್ಲಿ ಹೂಕೋಸಿನಂತೆ ಗಂಟುಗಂಟಾದ ಬಿಳಿಯ ಬೆಳವಣಿಗೆ ಕಂಡರೆ ಅದು ಲಿಂಫೋಸಿಸ್ಟಿಸ್, ವೈರಸ್ಸಿನಿಂದಾದುದು. ನೋಡಲು ಭಯಂಕರವಾದರೂ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಇದಕ್ಕೆ ಔಷಧವೂ ಇಲ್ಲ, ಬೇಕಾಗಿಯೂ ಇಲ್ಲ. ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ಉದುರುವುದು. ಕಣ್ಣು ಮಂಜಾಗಿ, ಮೀನು ಮೈಯುಜ್ಜುತ್ತಿದ್ದರೆ ಚರ್ಮಕ್ಕೆ ಅಂಟಿಕೊಂಡಿರುವ ಚಪ್ಪಟೆಹುಳುಗಳನ್ನು ಸಂದೇಹಿಸಬೇಕು. ಇವು ಗಾಜಿನಂತೆ ಪಾರದರ್ಶಕ. ಮೀನನ್ನು ಸಿಹಿನೀರಿನಲ್ಲಿ ಐದು ನಿಮಿಷವಿಟ್ಟರೆ ಬೆಳ್ಳಗಾಗಿ ಉದುರಿಬೀಳುವುವು. ಹೀಗೆ ಪರೀಕ್ಷೆಯೂ ಚಿಕಿತ್ಸೆಯೂ ಒಂದೇ ಸಲಕ್ಕೆ ಆದಂತಾಯಿತು. ಕಡೆಯದಾಗಿ, ಅಂಚು ಕೆಂಪಾಗಿ ನಡು ಬೆಳ್ಳಗಾಗಿ ಕೊಳೆಯುವ ಹುಣ್ಣುಗಳು ವಿಬ್ರಿಯೊ ಮೊದಲಾದ ಬ್ಯಾಕ್ಟೀರಿಯಾಗಳಿಂದ ಆಗುವುವು. ಬಹಳಮಟ್ಟಿಗೆ ಇವು ಎರಡನೆಯ ಶತ್ರುಗಳು. ಮೊದಲನೆಯ ಶತ್ರು ತೆರೆದಿಟ್ಟ ಬಾಗಿಲಿನಿಂದ ಒಳಹೊಕ್ಕವು.

ಇನ್ನು ಚಿಕಿತ್ಸೆ. ಇದರ ಮೊದಲನೆಯ ನಿಯಮವೆಂದರೆ ಮೂಲ ತೊಟ್ಟಿಗೆ ಔಷಧವನ್ನು ಹಾಕಬಾರದು. ಬೇರೊಂದು ಚಿಕ್ಕ ತೊಟ್ಟಿಯನ್ನು ಆಸ್ಪತ್ರೆಯಾಗಿ ಇಟ್ಟುಕೊಳ್ಳಬೇಕು. ಅದರಲ್ಲಿ ಮರಳಾಗಲಿ ಕಲ್ಲಾಗಲಿ ಇರಕೂಡದು. ಮೀನು ಅವಿತುಕೊಳ್ಳಲು ಪ್ಲಾಸ್ಟಿಕ್ ಕೊಳವೆಯ ತುಂಡೊಂದು, ಗಾಳಿಗುಳ್ಳೆಗಳ ಯಂತ್ರ, ನೀರನ್ನು ಬೆಚ್ಚಗಿಡುವ ಸಾಧನ, ಇವು ಇರಬೇಕು.

ಆ ನೀಲಿಯ ಸೀಸೆಯಲ್ಲಿದ್ದುದು ತಾಮ್ರ. ನಮ್ಮ ಮೈಲುತುತ್ತದ ಬಂಧು. ಮೈಸೂರು ಸೀಮೆಯವರಿಗೆ ಮೈಲುತುತ್ತ ಹೊಸದಲ್ಲ. ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ, ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೂ ಶ್ರಮಿಸಿದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಅಡಕೆಯ ಗೊನೆಗಳಿಗೆ ಸಿಂಪಡಿಸುವುದು ಮಲೆನಾಡಿನಲ್ಲಿ ಇಂದಿಗೂ ನಡೆದುಬಂದಿದೆ. ಆದರೆ ತೋಟದಲ್ಲಿ ಹೆಚ್ಚುಕಡಿಮೆಯಾದರೂ ಮಳೆ ತೊಳೆಯುವುದು, ತೊಟ್ಟಿಯಲ್ಲಿ ತೊಳೆಯುವವರಿಲ್ಲ. ಬಿಳಿಚುಕ್ಕೆಗೂ ವೆಲ್ವೆಟ್ ರೋಗಕ್ಕೂ ತಾಮ್ರವು ಒಳ್ಳೆಯ ಔಷಧವೇ ಸರಿ. ಅದರ ಪ್ರಮಾಣವು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಇದಕ್ಕಿಂತ ಕಡಿಮೆಯಾದರೆ ರೋಗ ಸಾಯದು. ಬಹಳ ಹೆಚ್ಚಿದರೆ ಮೀನೇ ಸಾಯುವುದು. ಬೇರೆ ದ್ರವ್ಯಗಳೊಡನೆ ಬಂಧಿಸಿದ ತಾಮ್ರದ ತಯಾರಿಕೆಗಳಿಗೆ ಪ್ರಮಾಣವೇ ಬೇರೆ. ಅದನ್ನು ಸೀಸೆಯ ಮೇಲೆಯೇ ಓದಿಕೊಳ್ಳಬೇಕು. ದಿನವೂ ಅಳೆದು, ಮೂರು ನಾಲ್ಕು ವಾರ ಅದೇ ಮಟ್ಟದಲ್ಲಿ ಕಾಯಬೇಕು. ಸಿಗಡಿ, ಏಡಿ, ಹವಳ, ಬಸವನಹುಳು ಮೊದಲಾದ ಬೆನ್ನೆಲುಬಿಲ್ಲದ ಪ್ರಾಣಿಗಳಿಗೆ ಇಷ್ಟೇ ತಾಮ್ರವು ಕಾಲಕೂಟ. ಸುಣ್ಣದಂಶವುಳ್ಳ ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ಮರಳಿರುವ ತೊಟ್ಟಿಯಲ್ಲಿ ಲೆಕ್ಕವೂ ನಿಲ್ಲದು.

ಎರಡನೆಯ ಉಪಾಯ ಉಪ್ಪನ್ನು ಇಳಿಸುವುದು. ಲೀಟರಿಗೆ 35 ಗ್ರಾಂ ಇರುವುದನ್ನು ಎರಡು ದಿನಗಳಲ್ಲಿ ಮೆಲ್ಲಮೆಲ್ಲನೆ 15 ಗ್ರಾಮಿನ ಸುಮಾರಿಗೆ ತಂದು, ಕಡೆಯ ಚುಕ್ಕೆ ಅಳಿದ ಮೇಲೂ ನಾಲ್ಕು ವಾರ ಹಾಗೆಯೇ ಇಟ್ಟು, ಆ ಬಳಿಕ ಒಂದು ವಾರದಲ್ಲಿ ಮತ್ತೆ ಏರಿಸಬೇಕು. ಬಿಳಿಚುಕ್ಕೆಯ ಜೀವಿ ಸಾಮಾನ್ಯವಾಗಿ ಇದನ್ನು ತಾಳಲಾರದು. ಮೀನಿಗಾದರೋ ಮೊದಲೇ ಹೇಳಿದಂತೆ ಸೋರಿಕೆ ತಗ್ಗಿ ಹಾಯೆನಿಸುವುದು. ಆದರೆ ವೆಲ್ವೆಟ್ ರೋಗವೂ ಯುರೋನೀಮಾವೂ ಇದಕ್ಕೆ ಜಗ್ಗುವುದಿಲ್ಲ. ಬ್ರೂಕ್ಲಿನೆಲ್ಲಾ ತಾಮ್ರಕ್ಕೆ ಬಗ್ಗದೆ ಫಾರ್ಮಲಿನ್ ಸ್ನಾನಕ್ಕೆ ಬಗ್ಗುವುದು. ಆದರೆ ಫಾರ್ಮಲಿನ್ ನಮಗೂ ವಿಷ, ನೀರಿನ ಆಮ್ಲಜನಕವನ್ನೂ ಕಡಿಮೆ ಮಾಡುವುದು. ಪಶುವೈದ್ಯರ ಮಾರ್ಗದರ್ಶನವಿಲ್ಲದೆ ಅದನ್ನು ಮುಟ್ಟತಕ್ಕದ್ದಲ್ಲ. ಬ್ಯಾಕ್ಟೀರಿಯಾ ನಾಶಕ ಔಷಧಗಳಿಗೂ ಇದೇ ಮಾತು. ಹೀಗೆ ಒಂದು ರೋಗಕ್ಕೆ ಅಮೃತವಾದುದು ಇನ್ನೊಂದಕ್ಕೆ ನೀರಿನಷ್ಟೂ ಕೆಲಸಕ್ಕೆ ಬಾರದು. ಎಲ್ಲಕ್ಕೂ ಒಂದೇ ಸೀಸೆಯೆಂಬುವರ ಮಾತನ್ನು ನಂಬಬಾರದೆಂದು ನಾನು ಹೇಳುವುದು ಇದಕ್ಕಾಗಿ.

ಇನ್ನು ಸಿಹಿನೀರಿನ ಸ್ನಾನ. ಕ್ಲೋರಿನ್ ತೆಗೆದ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿರುವ, ಅಷ್ಟೇ ಕ್ಷಾರಗುಣವುಳ್ಳ ಸಿಹಿನೀರಿನಲ್ಲಿ ಮೂರರಿಂದ ಐದು ನಿಮಿಷ ಮೀನನ್ನು ಇಟ್ಟು, ಕಣ್ಣು ಬಿಡದೆ ನೋಡುತ್ತಿರಬೇಕು; ಮೀನು ಮಗುಚಿಕೊಂಡರೆ ತಕ್ಷಣ ಹಿಂದಕ್ಕೆ ಬಿಡಬೇಕು.

ಬಿಳಿಚುಕ್ಕೆಯ ರೋಗವಾಗಿದ್ದರೆ ಮೂಲ ತೊಟ್ಟಿಯ ಮೀನುಗಳೆಲ್ಲವನ್ನೂ ಆಸ್ಪತ್ರೆಯ ತೊಟ್ಟಿಗೆ ಸಾಗಿಸಿ, ಮೂಲ ತೊಟ್ಟಿಯನ್ನು ಆರು ವಾರಗಳಿಗೂ ಮೇಲ್ಪಟ್ಟು, ಸಾಧ್ಯವಾದರೆ ಹನ್ನೊಂದು ವಾರ, ಮೀನಿಲ್ಲದೆ ಬಿಡಬೇಕು. ಸಿಗಡಿಯೂ ಬಸವನಹುಳುವೂ ಅಲ್ಲಿಯೇ ಇರಬಹುದು. ಆಶ್ರಯ ಸಿಕ್ಕದೆ ರೋಗಜೀವಿಯ ವಂಶ ಅಲ್ಲಿಗೆ ಮುಗಿಯುವುದು.

ಈ ಸಂದರ್ಭದಲ್ಲಿ ನಮ್ಮ ಕೆರೆಗಳ ನೆನಪು ಬಾರದಿರದು. ಲೋಕಪಾವನಿಯ ಸೀಮೆಯ ಕೆರೆಗಳಲ್ಲಾಗಲಿ ಇನ್ನೆಲ್ಲಿಯಾಗಲಿ ಚಳಿಗಾಲದಲ್ಲಿ ಕೊರವ ಮೀನುಗಳ ಮೈಮೇಲೆ ಮೂಳೆ ಕಾಣುವಷ್ಟು ಆಳವಾದ ಕೆಂಪು ಹುಣ್ಣುಗಳಾದರೆ ಅದು ಬೇರೆಯೇ ರೋಗ. 1971ರಲ್ಲಿ ಜಪಾನಿನಲ್ಲಿಯೂ 1972ರಲ್ಲಿ ಆಸ್ಟ್ರೇಲಿಯಾದಲ್ಲಿಯೂ ಕಂಡ ಈ ಪಿಡುಗು 1988ರಲ್ಲಿ ಈಶಾನ್ಯ ಭಾರತವನ್ನು ಹೊಕ್ಕು, ಮುಂದಿನ ವರ್ಷಗಳಲ್ಲಿ ದಕ್ಷಿಣಕ್ಕೂ ಹಬ್ಬಿ, ಬೆಸ್ತರ ಸಂಸಾರಗಳನ್ನು ಕಂಗೆಡಿಸಿತು. ಅದಕ್ಕೆ ಕಾರಣವಾದ ಅಫನೋಮೈಸಿಸ್ ಎಂಬ ನೀರುಬೂಷ್ಟು, ಅಡಕೆಯ ಕೊಳೆರೋಗದ ಜೀವಿಗೆ ದೂರದ ದಾಯಾದಿ ಎಂಬುದು ಸ್ವಾರಸ್ಯವಾದ ಸಂಗತಿ. ಸಾಮಾನ್ಯ ಗೆಂಡೆಯೂ ಜಿಲೇಬಿ ಮೀನೂ ಅದನ್ನು ತಡೆದುಕೊಳ್ಳುವುವು. ಕೆರೆಗೆ ಸುಣ್ಣ ಹಾಕುವುದು ಅಲ್ಲಿನ ಮುಖ್ಯ ಉಪಾಯ. ಭುವನೇಶ್ವರದ ಸಿಹಿನೀರು ಮೀನುಸಾಕಣೆಯ ಕೇಂದ್ರ ಸಂಸ್ಥೆಯವರು ಸೈಫ್ಯಾಕ್ಸ್ ಎಂಬ ಔಷಧವನ್ನೂ ಸಿದ್ಧಪಡಿಸಿದರು. ಹುಣ್ಣು ಒಂದೇ ತೆರನಾಗಿ ಕಂಡರೂ ಕಾರಣ ಬೇರೆ, ನೀರು ಬೇರೆ, ಚಿಕಿತ್ಸೆ ಬೇರೆ.

ಮೀನಿನ ಹುಣ್ಣನ್ನು ನೋಡುವಾಗ ನಮ್ಮ ಕೈಯನ್ನೂ ಮರೆಯಬಾರದು. ಬಹುಕಾಲ ಮಾಯದ ಹುಣ್ಣುಗಳಿಗೆ ಮೈಕೊಬ್ಯಾಕ್ಟೀರಿಯಮ್ ಮರೈನಮ್ ಎಂಬ, ಕ್ಷಯರೋಗದ ಕ್ರಿಮಿಯ ಜಾತಿಗೆ ಸೇರಿದ ಬ್ಯಾಕ್ಟೀರಿಯಾ ಕಾರಣವಾಗಬಹುದು. ಕೈಯಲ್ಲಿ ಸಣ್ಣ ಗೀರಿದ್ದು ತೊಟ್ಟಿಯಲ್ಲಿ ಕೈಯಾಡಿಸಿದರೆ, ಕೆಲವು ವಾರಗಳ ಮೇಲೆ ಬೆರಳಿನಲ್ಲಿ ಗಂಟುಗಳೇಳುವುವು. ವಾಸಿಯಾಗಲು ತಿಂಗಳುಗಟ್ಟಲೆ ಔಷಧ ಬೇಕು. ವೈದ್ಯರಲ್ಲಿಗೆ ಹೋದಾಗ ಮೀನಿನ ತೊಟ್ಟಿಯ ವಿಷಯವನ್ನು ಹೇಳದಿದ್ದರೆ ಅವರಿಗೂ ಹೊಳೆಯುವುದು ಕಷ್ಟ. ಆದಕಾರಣ ಗಾಯವಿದ್ದವರು ರಬ್ಬರಿನ ಕೈಚೀಲವನ್ನು ಧರಿಸಬೇಕು. ಮಕ್ಕಳ ಕೈಯನ್ನು ತೊಟ್ಟಿಗೆ ಇಳಿಸಗೊಡಿಸಬಾರದು.

ಇನ್ನು ದೇವಲಾಪುರದ ಕಥೆಯನ್ನು ಮುಗಿಸುತ್ತೇನೆ. ಮಿತ್ರರು ಹುಣ್ಣಾದ ಮೀನನ್ನು ಬೇರೆ ತೊಟ್ಟಿಗೆ ತೆಗೆದರು. ನೀರನ್ನು ಅಳೆದಾಗ ಅಮೋನಿಯಾ ಸ್ವಲ್ಪ ಇದ್ದಿತು. ಮೂರು ಮೀನುಗಳನ್ನು ಒಂದೇ ಸಲ ತಂದುದರ ಫಲ. ಎರಡನೆಯ ದಿನ ಆ ಮೀನು ಸತ್ತಿತು. ಅವರು ಅದನ್ನು ಎಸೆಯದೆ, ಹುಣ್ಣಿನ ಅಂಚಿನ ಲೋಳೆಯನ್ನು ಗಾಜಿನ ಫಲಕದ ಮೇಲೆ ಸವರಿ, ತಾವು ಹಿಂದೆ ಪಾಠ ಹೇಳಿದ್ದ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೀರಿನ ಹನಿಯ ಆಕಾರದ ಸಣ್ಣ ಜೀವಿಗಳು ಗಿಜಿಗಿಜಿಯಾಗಿ ಓಡಾಡುತ್ತಿದ್ದುವಂತೆ. ಕಂಡ ಲಕ್ಷಣಗಳೆಲ್ಲವೂ ಯುರೋನೀಮಾ ಎಂಬುದಕ್ಕೆ ಹೊಂದಿದುವು. ಮೂರರಲ್ಲಿ ಇನ್ನೊಂದು ಕ್ರೋಮಿಸ್ ಕೂಡ ವಾರದೊಳಗೆ ಹೋಯಿತು. ನೀಲಿ ಸೀಸೆಯಲ್ಲಿದ್ದ ತಾಮ್ರವನ್ನು ತೊಟ್ಟಿಗೆ ಸುರಿದಿದ್ದರೆ ಈ ರೋಗಕ್ಕೆ ಅದರಿಂದ ನೆಚ್ಚಬಹುದಾದ ಗುಣವಿಲ್ಲ. ಸಿಗಡಿಯೂ ಸತ್ತು, ಅದು ಕೊಳೆತು, ಕ್ಲೌನ್ ಮೀನುಗಳಿಗೂ ಆಪತ್ತು ಬರುತ್ತಿತ್ತು. ಈಗ ಸಿಗಡಿ ಇದೆ, ಕ್ಲೌನ್ ಮೀನುಗಳೆರಡೂ ಇವೆ, ಉಳಿದ ಒಂದು ಕ್ರೋಮಿಸ್ ಕೂಡ ತಿನ್ನುತ್ತಿದೆ.

ಆ ಮನೆಯಲ್ಲಿ ಈಗ ಹೊಸದೊಂದು ಕಟ್ಟಳೆಯಾಗಿದೆ. ಯಾವ ಮೀನೇ ಬರಲಿ, ಒಂದು ತಿಂಗಳು ಬೇರೆ ತೊಟ್ಟಿಯಲ್ಲಿದ್ದು, ನಿರೋಗಿಯೆಂದು ಕಂಡ ಮೇಲೆಯೇ ದೊಡ್ಡ ತೊಟ್ಟಿಗೆ ಪ್ರವೇಶ. ಕೊಳ್ಳುವಾಗಲೂ ಕಡಲಿನಿಂದ ಹಿಡಿದು ತಂದವುಗಳಿಗಿಂತ ಸಾಕಣೆಯಲ್ಲಿ ಹುಟ್ಟಿದ ಮೀನುಗಳನ್ನೇ ಆರಿಸುವುದು ಲೇಸು. ಕ್ಲೌನ್ ಮೀನಿನ ತಳಿಯನ್ನು ನಮ್ಮ ದೇಶದಲ್ಲಿಯೇ ಕೃತಕವಾಗಿ ಬೆಳೆಸುವ ವಿದ್ಯೆ ಸಿದ್ಧಿಸಿದೆ. ಹವಳವನ್ನೂ ಕಡಲಕುದುರೆಯನ್ನೂ ಮಾತ್ರ ಯಾರೂ ಬಯಸಬಾರದು. 2001ರಿಂದ ಅವು ವನ್ಯಜೀವಿ ಸಂರಕ್ಷಣೆಯ ಶಾಸನದ ರಕ್ಷಣೆಯಲ್ಲಿವೆ.

ಮೊಮ್ಮಗಳ ಪ್ರಶ್ನೆಗೆ ತಾತನವರು ಏನು ಹೇಳಿದರೆಂದು ನಾನು ಕೇಳಿದೆನು. “ನೋಯುತ್ತದೆ, ಆದರೆ ಅದಕ್ಕೆ ಹೇಳಲು ಬಾರದು, ಅದಕ್ಕಾಗಿಯೇ ನಾವು ನೋಡಿ ತಿಳಿಯಬೇಕು ಎಂದೆ” ಎಂದರು. ಮೂಕಪ್ರಾಣಿಯನ್ನು ಮನೆಗೆ ತಂದುಕೊಂಡವರೆಲ್ಲರಿಗೂ ಸಲ್ಲುವ ಮಾತಿದು.